ಸಂಜೆ ಕರೆಯಲು ಹೋದರೆ ಕೂಸು ಮುಖ ತಿರುಗಿಸುತ್ತದೆ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡು ವರ್ಷದೊಳಗಿನ ಮಕ್ಕಳ ಬಗ್ಗೆಯೇ ಇದ್ದವು. ಎಲ್ಲವೂ ಮುಂಬಯಿ, ಪುಣೆ, ಗೋವಾ ಕಡೆಯವು. ಊರಲ್ಲಾದರೆ ಹಿತ್ತಲ ಬಾಗಿಲಲ್ಲಿ ನಿಂತು ದೊಡ್ಡಮ್ಮನನ್ನೋ ಪಕ್ಕದ ಮನೆಯವರನ್ನೋ ಕೇಳುತ್ತಿದ್ದ ಪ್ರಶ್ನೆಗಳು ಇವು. ಇಲ್ಲಿ ಏಳನೇ ಮಹಡಿಯ ಒನ್ ಬಿಎಚ್‌ಕೆಯಲ್ಲಿ ರಾತ್ರಿ ಎರಡು ಗಂಟೆಗೆ ಯಾರನ್ನು ಕೇಳೋದು? ಮೊಬೈಲನ್ನು ಕೇಳುತ್ತೇವೆ, ಅದು ಹೆದರಿಸುತ್ತದೆ. ಹಾಗಾಗಿ ಇಡೀ ಅಂಕಣವನ್ನು ಪುಟಾಣಿಗಳಿಗೇ ಬಿಟ್ಟಿದ್ದೇನೆ. ಹೆಸರು ತೆಗೆದು ಊರು ಮಾತ್ರ ಉಳಿಸಿದ್ದೇನೆ.

ಅಕ್ಕಾ, ನನ್ನ ಮಗನಿಗೆ ಒಂಬತ್ತು ತಿಂಗಳು. ರಜೆ ಮುಗಿದ ಮೇಲೆ ಪಾಳಣಾಘರದಲ್ಲಿ, ಅಂದರೆ ಇಲ್ಲಿನ ಡೇ ಕೇರ್‌ನಲ್ಲಿ, ಬಿಡುತ್ತಿದ್ದೇನೆ. ಮೊದಲ ಎರಡು ತಿಂಗಳು ಆರಾಮಾಗಿ ಹೋದ. ಈಗ ಹದಿನೈದು ದಿನದಿಂದ ಬಾಗಿಲಲ್ಲೇ ನನ್ನ ದುಪಟ್ಟಾ ಹಿಡಿದು ಕಿರುಚುತ್ತಾನೆ. ಸಂಜೆ ಏಳಕ್ಕೆ ಕರೆಯಲು ಹೋದರೆ ಮುಖ ತಿರುಗಿಸಿ ಅಲ್ಲಿ ನೋಡಿಕೊಳ್ಳುವ ಹೆಂಗಸಿನ, ಅಂದರೆ 'ಬಾಯಿ'ಯ, ಹೆಗಲಿಗೆ ಒರಗುತ್ತಾನೆ. ತಾಯಿ ಬಿಟ್ಟುಹೋದ ಮಗು ಮುಂದೆ ಕಲ್ಲುಮನಸ್ಸಿನವನಾಗುತ್ತಾನೆ ಅಂತ ಅತ್ತೆ ಫೋನಿನಲ್ಲಿ ಹೇಳುತ್ತಾರೆ. ಕೆಲಸ ಬಿಡಲೇ? – ಡೊಂಬಿವಲಿ

ಬಿಡಬೇಡಿ. ಕೆಲಸ ಬಿಡಲು ಬೇರೆ ಕಾರಣಗಳಿದ್ದರೆ ಅದು ನಿಮ್ಮ ಲೆಕ್ಕ. ಇದಕ್ಕಾಗಿ ಬೇಡ.

ಏಳು ತಿಂಗಳಲ್ಲಿ ಸುಮ್ಮನಿದ್ದವನು ಒಂಬತ್ತರಲ್ಲಿ ಯಾಕೆ ಅಳುತ್ತಾನೆ ಅಂದರೆ, ಅವನ ಬುದ್ಧಿ ಬೆಳೆದಿದೆ. ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಅನ್ನುವುದು ಅವನಿಗೆ ಈಗ ಹೊಳೆಯುತ್ತಿದೆ. ಎಲ್ಲೋ ಇದ್ದಾಳೆ, ಆದರೆ ನನ್ನ ಹತ್ತಿರ ಇಲ್ಲ! ಅಳದೆ ಏನು ಮಾಡುತ್ತಾನೆ ಪಾಪ? ರೆನೆ ಸ್ಪಿಟ್ಸ್ ಎಂಬ ಮನೋವೈದ್ಯ ಹೊಸಬರನ್ನು ಕಂಡು ಕೂಸು ಹೆದರುವ ಈ ವಯಸ್ಸಿನ ಹೆದರಿಕೆಗೆ 'ಎಂಟನೇ ತಿಂಗಳ ಆತಂಕ' ಅಂತಲೇ ಹೆಸರಿಟ್ಟಿದ್ದರು. ಅಮ್ಮ ಹೊರಟರೆ ಅಳುವುದೂ ಹೆಚ್ಚುಕಡಿಮೆ ಆಗಲೇ ಶುರುವಾಗುತ್ತದೆ. ಒಂದು, ಒಂದೂವರೆ ವರ್ಷದವರೆಗೆ ಏರಿ ಆಮೇಲೆ ತಾನಾಗಿ ಇಳಿಯುತ್ತದೆ.

ಇನ್ನು ಸಂಜೆಯ ಮುಖ ತಿರುಗಿಸುವಿಕೆ. ಮೇರಿ ಏನ್ಸ್‌ವರ್ಥ್ ಎಂಬ ಮನಶ್ಶಾಸ್ತ್ರಜ್ಞೆ ಮೊದಲು ಉಗಾಂಡಾದ ಹಳ್ಳಿಗಳಲ್ಲಿ ತಾಯಂದಿರ ಮನೆಗೆ ಹೋಗಿ ಕೂತು ನೋಡಿದರು, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ 26 ಕುಟುಂಬಗಳನ್ನು ವರ್ಷಪೂರ್ತಿ ನೋಡಿದರು. ಅಲ್ಲೇ ಒಂದು ಪುಟ್ಟ ಪರೀಕ್ಷೆ ಕಟ್ಟಿದರು. ಒಂದು ಕೋಣೆ, ನೆಲದ ಮೇಲೆ ಆಟಿಕೆ, ತಾಯಿ, ಸುಮಾರು ಒಂದು ವರ್ಷದ ಕೂಸು. ಅಪರಿಚಿತ ಹೆಂಗಸೊಬ್ಬಳು ಬರುತ್ತಾಳೆ. ತಾಯಿ ಎದ್ದು ಹೊರಗೆ ಹೋಗುತ್ತಾಳೆ, ಮೂರು ನಿಮಿಷ ಬಿಟ್ಟು ವಾಪಸ್ ಬರುತ್ತಾಳೆ. ಇನ್ನೊಂದು ಸಲ ಹೋಗುತ್ತಾಳೆ, ಬರುತ್ತಾಳೆ. ಕೂಸು ತೀರಾ ಅತ್ತರೆ ಬೇಗ ಬರುತ್ತಾಳೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಇದನ್ನು ಓದಿದವರು 'ತಾಯಿ ಹೋದಾಗ ಮಗು ಎಷ್ಟು ಅತ್ತಿತು' ಅಂತ ಅಳೆಯುತ್ತಾರೆ ಅಂದುಕೊಳ್ಳುತ್ತಾರೆ. ಅಲ್ಲ. ಅವರ ಕಣ್ಣು ಇದ್ದದ್ದು ತಾಯಿ ತಿರುಗಿ ಬಂದ ಗಳಿಗೆಯ ಮೇಲೆ. ಕೆಲವು ಮಕ್ಕಳು ಗೋಳೋ ಅಂತ ಅತ್ತು, ಅಮ್ಮ ಎತ್ತಿಕೊಂಡ ಕೂಡಲೇ ಮುಖ ಕುತ್ತಿಗೆಗೆ ಒತ್ತಿ ಸುಮ್ಮನಾಗಿ ಸ್ವಲ್ಪ ಹೊತ್ತಿಗೆ ಮತ್ತೆ ಆಟಕ್ಕೆ ಇಳಿದವು. ಇವು ತಾಯಿಯನ್ನು ನಂಬಿದ ಮಕ್ಕಳು. ಕೆಲವು ಎತ್ತಿಕೊಂಡರೂ ಒದೆಯುತ್ತಾ ಅಳು ನಿಲ್ಲಿಸಲಿಲ್ಲ. ಕೆಲವು ಅಮ್ಮ ಬಂದದ್ದನ್ನೇ ನೋಡದ ಹಾಗೆ ಆಟಿಕೆ ತಿರುಗಿಸುತ್ತಾ ಕೂತವು. ಎಷ್ಟು ಒಳ್ಳೆಯ ಮಗು, ಹಟವೇ ಇಲ್ಲ ಅನ್ನುತ್ತೇವಲ್ಲ, ಅಂಥವು. ಆಮೇಲೆ ಬಂದ ಸಂಶೋಧಕರು ಹೃದಯದ ಬಡಿತ ಅಳೆದು ನೋಡಿದರೆ ಆ ಸುಮ್ಮನಿದ್ದ ಮಕ್ಕಳ ಎದೆಯೂ ಜೋರಾಗಿಯೇ ಹೊಡೆದುಕೊಳ್ಳುತ್ತಿತ್ತು.

ಇದನ್ನು ಓದಿ 'ಅಯ್ಯೋ ನಮ್ಮವನು ಮೂರನೇ ಗುಂಪು' ಅಂತ ತೀರ್ಮಾನ ಮಾಡಬೇಡಿ. ಮನೆಯಲ್ಲಿ, ಪಾಳಣಾಘರದ ಬಾಗಿಲಲ್ಲಿ ನಿಂತು ಈ ಪರೀಕ್ಷೆ ಮಾಡಲು ಆಗುವುದಿಲ್ಲ. ಹತ್ತು ಗಂಟೆ ಬೇರೆ ಕಡೆ ಇದ್ದು ಸುಸ್ತಾದ ಮಗು ಐದು ನಿಮಿಷ ಕೋಪ ಮಾಡಿಕೊಳ್ಳುವುದು ಮಾಮೂಲಿ. ನೀವು ಏಳೂ ಐದಕ್ಕೆ ಏನಾಗುತ್ತದೆ ಬರೆದಿದ್ದೀರಿ. ಏಳೂವರೆಗೆ ಏನಾಗುತ್ತದೆ? ಮನೆಗೆ ಬಂದು ನಿಮ್ಮ ಮಡಿಲಲ್ಲಿ ಕೂತು ಬಳೆ ತಿರುಗಿಸುತ್ತಾನಾ? ಹಾಗಿದ್ದರೆ ನನಗೆ ಚಿಂತೆ ಇಲ್ಲ.

ಅತ್ತೆಯವರ ಮಾತಿಗೆ ಬರೋಣ. ಅವರು ಓದದಿದ್ದರೂ ಆ ಮಾತಿನ ಹಿಂದೆ ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಇದ್ದಾರೆ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬೌಲ್ಬಿ ಒಂದು ವರದಿ ಬರೆದರು. ಯುದ್ಧದಲ್ಲಿ ಮನೆಮಾರು ಕಳೆದುಕೊಂಡ ಮಕ್ಕಳು, ಅನಾಥಾಲಯದ ಮಕ್ಕಳು, ತಿಂಗಳುಗಟ್ಟಲೆ ಯಾರೂ ತಮ್ಮವರು ಅಂತ ಇಲ್ಲದ ಮಕ್ಕಳ ಬಗ್ಗೆ. ಜನ ಅದನ್ನು ತೆಗೆದುಕೊಂಡು ಸಂಜೆ ಏಳಕ್ಕೆ ಓಡೋಡಿ ಬರುವ ತಾಯಿಯ ತಲೆಗೆ ಕಟ್ಟಿದರು. ನೇರವಾಗಿ ನಿಮ್ಮ ಪ್ರಶ್ನೆಯನ್ನೇ ಕೇಳಿದ ಅಧ್ಯಯನ ಬೇರೆ ಇದೆ. ಅಮೆರಿಕದಲ್ಲಿ 1991ರಿಂದ ಹತ್ತು ಊರುಗಳಲ್ಲಿ 1,364 ಕೂಸುಗಳನ್ನು ಹುಟ್ಟಿದಾಗಿನಿಂದ ನೋಡುತ್ತಾ ಬಂದರು. ಹದಿನೈದು ತಿಂಗಳಾದಾಗ ಅದೇ ಇಪ್ಪತ್ತು ನಿಮಿಷದ ಪರೀಕ್ಷೆ ಮಾಡಿದರು. ಡೇ ಕೇರ್‌ಗೆ ಹೋಗುವುದರಿಂದಲೇ ತಾಯಿ–ಮಗುವಿನ ನಂಟು ಕೆಟ್ಟದ್ದು ಕಾಣಲಿಲ್ಲ. ಮನೆಯಲ್ಲೂ ಮಗುವಿನ ಕರೆಗೆ ಓಗೊಡುವವರಿಲ್ಲ, ಜೊತೆಗೆ ನೋಡಿಕೊಳ್ಳುವ ಜಾಗವೂ ಚೆನ್ನಾಗಿಲ್ಲ, ಅಥವಾ ನೋಡಿಕೊಳ್ಳುವವರು ಪದೇ ಪದೇ ಬದಲಾಗುತ್ತಾರೆ – ಹೀಗೆ ಎರಡೂ ಸೇರಿದಾಗ ತೊಂದರೆ ಹೆಚ್ಚಿತು. ಆದ್ದರಿಂದ ನೀವು ಕೇಳಬೇಕಾದ್ದು ಪಾಳಣಾಘರದವರನ್ನು. ಎಷ್ಟು ಮಕ್ಕಳಿಗೆ ಒಬ್ಬ ಬಾಯಿ? ದಿನಾ ಅದೇ ಬಾಯಿ ಇರುತ್ತಾಳಾ? ಮಗ ಅವಳ ಹೆಗಲಿಗೆ ಒರಗುತ್ತಾನೆ ಅಂದಿರಲ್ಲ, ಅದು ನನ್ನ ಮಟ್ಟಿಗೆ ಒಳ್ಳೆಯ ಸುದ್ದಿ.

ಒಂದು ಮಾತ್ರ ಮಾಡಬೇಡಿ. 'ಅಲ್ನೋಡು ಕಾಗೆ' ಅಂತ ತೋರಿಸಿ, ಅವನು ಆ ಕಡೆ ತಿರುಗಿದಾಗ ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಜಾರಿಕೊಳ್ಳುವುದು. ನಾವೆಲ್ಲ ಮಾಡಿದ್ದೇವೆ, ನಾನೂ ಮಾಡಿದ್ದೇನೆ. ಆ ಹೊತ್ತಿಗೆ ಅಳು ತಪ್ಪುತ್ತದೆ, ಆದರೆ ಮರುದಿನದಿಂದ ಮಗು ಕಾಗೆ ನೋಡುವುದಿಲ್ಲ, ನಿಮ್ಮ ಕಾಲು ನೋಡುತ್ತದೆ. ಹೇಳಿ ಹೋಗಿ. ದಿನಾ ಅದೇ ಎರಡು ಮಾತು, ಅದೇ ಟಾಟಾ. ಅತ್ತರೂ ಸರಿ. ಮತ್ತೆ ನಿಮ್ಮ ಆಫೀಸಿನಲ್ಲಿ 50 ಅಥವಾ ಜಾಸ್ತಿ ಜನ ಇದ್ದಾರಾ ನೋಡಿ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಸೇರಿದ ನಿಯಮದ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ಡೊಂಬಿವಲಿಯ ಲೋಕಲ್‌ನಲ್ಲಿ ಕೂಸನ್ನು ಎತ್ತಿಕೊಂಡು ಹೋಗೋದು ಹೇಗೆ ಅಂತ ಕಾನೂನು ಮಾಡಿದವರು ಹೇಳಿಲ್ಲ, ಅದು ಬೇರೆ ಮಾತು.

ಸೊಸೆ ಮೊಮ್ಮಗಳನ್ನು ಎತ್ತಿಕೊಳ್ಳಲು ಬಿಡುವುದಿಲ್ಲ. ಎತ್ತಿದರೆ ಚಾಳಿ ಆಗುತ್ತದೆ, ಅಳಲಿ ಬಿಡಿ, ತಾನೇ ಮಲಗುತ್ತಾಳೆ ಅಂತ ಇಂಟರ್ನೆಟ್ಟಿನಲ್ಲಿ ಓದಿದ್ದಾಳಂತೆ. ಕೂಸಿಗೆ ಎರಡು ತಿಂಗಳು. ನಾನು ಬಾಣಂತನಕ್ಕೆ ಧಾರವಾಡದಿಂದ ಬಂದಿದ್ದೇನೆ, ಹೊರಗೆ ಕೂತು ಕೂಸಿನ ಅಳು ಕೇಳಿಸಿಕೊಳ್ಳಬೇಕು. ನಾನು ನಾಲ್ಕು ಮಕ್ಕಳನ್ನು ಸಾಕಿದವಳು. – ಕೋಥ್ರೂಡ್, ಪುಣೆ

ಅಮ್ಮಾ, ಸಾಮಾನ್ಯವಾಗಿ 'ಎತ್ತಬೇಡ, ಚಾಳಿ ಆಗ್ತದೆ' ಅನ್ನುವುದು ಅತ್ತೆ, ಮೊಬೈಲ್ ತೋರಿಸಿ ವಾದ ಮಾಡುವುದು ಸೊಸೆ. ನಿಮ್ಮ ಮನೆಯಲ್ಲಿ ಉಲ್ಟಾ ಆಗಿದೆ!

ಎತ್ತಿಕೊಳ್ಳಬಾರದು ಅನ್ನುವ ಈ ಮಾತು ಹೊಸದೇನಲ್ಲ. 1928ರಲ್ಲಿ ಜಾನ್ ವಾಟ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮಕ್ಕಳನ್ನು ಸಾಕುವ ಪುಸ್ತಕ ಬರೆದು, ಮುದ್ದು ಮಾಡಬೇಡಿ, ಮಡಿಲಲ್ಲಿ ಕೂರಿಸಬೇಡಿ, ಬೆಳಗ್ಗೆ ಕೈ ಕುಲುಕಿದರೆ ಸಾಕು ಅಂದಿದ್ದ. ಆ ಹೊತ್ತಿಗೆ ಆತ ವಿಶ್ವವಿದ್ಯಾಲಯ ಬಿಟ್ಟು ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದ. ಪುಸ್ತಕ ಮಾತ್ರ ಭರ್ಜರಿ ಮಾರಾಟವಾಯಿತು.

1958ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ ಮಂಗನ ಮರಿಗಳ ಪ್ರಯೋಗ ಮುಂದಿಟ್ಟ ಮೇಲೆ ಈ ಮಾತಿಗೆ ದೊಡ್ಡ ಪೆಟ್ಟು ಬಿತ್ತು. ತಂತಿಯ 'ತಾಯಿ' ಒಂದು, ಅದಕ್ಕೆ ಹಾಲಿನ ಬಾಟಲಿ. ಮೆತ್ತನೆ ಬಟ್ಟೆಯ 'ತಾಯಿ' ಇನ್ನೊಂದು, ಹಾಲಿಲ್ಲ. ಮರಿಗಳು ಹಾಲು ಕುಡಿಯುವಷ್ಟು ಹೊತ್ತು ತಂತಿಯ ಹತ್ತಿರ ಹೋಗಿ ದಿನದ ಉಳಿದ ಹೊತ್ತೆಲ್ಲ ಬಟ್ಟೆಗೆ ತಬ್ಬಿಕೊಂಡಿದ್ದವು. ಹಾಲಿಗಾಗಿ ಮಾತ್ರ ಮಗು ತಾಯಿಗೆ ಅಂಟಿಕೊಳ್ಳುತ್ತದೆ ಅನ್ನುವವರ ಬಾಯಿ ಮುಚ್ಚಿಸಿದ ಪ್ರಯೋಗ ಅದು. ಪಾಪದ ಮರಿಗಳನ್ನು ಗೋಳು ಹೊಯ್ದುಕೊಂಡದ್ದೂ ನಿಜ. ಓದುವಾಗ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

ನಿಮಗೆ ಬೇಕಾದ ಸಾಕ್ಷಿ 1986ರದ್ದು, ಕೆನಡಾದ ಮಾಂಟ್ರಿಯಲ್‌ನಿಂದ. ಹುಂಜಿಕರ್ ಮತ್ತು ಬಾರ್ ಎಂಬ ಇಬ್ಬರು 99 ತಾಯಂದಿರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ, ಕೂಸಿಗೆ ಮೂರು ವಾರ ಆದಾಗಿನಿಂದ ದಿನಕ್ಕೆ ಕಡಿಮೆ ಎಂದರೆ ಮೂರು ಗಂಟೆ ಎತ್ತಿಕೊಳ್ಳಿ, ಅಳಲಿ ಅಳದಿರಲಿ ಎತ್ತಿಕೊಳ್ಳಿ ಅಂದರು. ಆರನೇ ವಾರ, ಅಂದರೆ ಕೂಸುಗಳು ಅತಿ ಜಾಸ್ತಿ ಅಳುವ ವಾರ, ಆ ಗುಂಪಿನ ಮಕ್ಕಳು 43 ಶೇಕಡಾ ಕಡಿಮೆ ಅತ್ತವು. ಹಾಗಂತ ಹೊಟ್ಟೆ ಹಿಡಿದು ಗಂಟೆಗಟ್ಟಲೆ ಅಳುವ ಕೂಸಿಗೆ ಇದು ಮದ್ದಲ್ಲ. ಅಂಥ ಮಕ್ಕಳ ಮೇಲೆ ಬಾರ್ ಮತ್ತೆ ಪ್ರಯೋಗ ಮಾಡಿದಾಗ ವ್ಯತ್ಯಾಸ ಕಾಣಲಿಲ್ಲ.

ಏನ್ಸ್‌ವರ್ಥ್ ಮತ್ತು ಸಿಲ್ವಿಯಾ ಬೆಲ್ 1972ರಲ್ಲಿ, ಮೊದಲ ತಿಂಗಳುಗಳಲ್ಲಿ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತವೆ ಅಂತ ಬರೆದರು. ಇದಕ್ಕೆ ತಕರಾರುಗಳೂ ಬಂದವು. ನೆದರ್ಲೆಂಡ್ಸ್‌ನ ಒಂದು ಅಧ್ಯಯನ 1991ರಲ್ಲಿ, ಸಣ್ಣಪುಟ್ಟ ಗೊಣಗಾಟಕ್ಕೆಲ್ಲ ಓಡಿಹೋಗದಿದ್ದರೂ ನಡೆಯುತ್ತದೆ ಅನ್ನುವ ಕಡೆಗೆ ವಾಲಿತು. ಆದ್ದರಿಂದ ಸೊಸೆಯ ಮಾತಿನಲ್ಲೂ ಸ್ವಲ್ಪ ಹುರುಳಿದೆ ಅಂತ ಮೊದಲು ಒಪ್ಪಿಕೊಳ್ಳಿ. ಆಮೇಲೆ, ಆ ಮಲಗಿಸುವ ತರಬೇತಿಯವರೂ ಸಾಮಾನ್ಯವಾಗಿ ಆರು ತಿಂಗಳ ಹತ್ತಿರದ ಮಕ್ಕಳ ಮಾತಾಡುತ್ತಾರೆ, ಎರಡು ತಿಂಗಳ ಹಸುಳೆಯ ಮಾತಲ್ಲ ಅಂತ ಮೆಲ್ಲಗೆ ಹೇಳಿ. ಅವಳಿಗೆ ಹೊಲಿಗೆಯ ನೋವು ಇರಬಹುದು, ನಿದ್ದೆ ಇಲ್ಲ, ಮನೆ ತುಂಬ ಸಲಹೆ. 'ನೀನು ಒಂದು ಗಂಟೆ ಮಲಗು, ನಾನು ನೋಡ್ಕೋತೀನಿ' ಅಂದು ನೋಡಿ. 'ನಾನು ನಾಲ್ಕು ಮಕ್ಕಳನ್ನು ಸಾಕಿದವಳು' ಅನ್ನಬೇಡಿ. ಆ ವಾಕ್ಯ ಯಾವ ಸೊಸೆಗೂ ಹಿಡಿಸಿದ್ದಿಲ್ಲ.

ಎಲ್ಲರೂ ತಾಯಿ ತಾಯಿ ಅಂತಾರೆ. ಅಪ್ಪನಾದ ನಾನು ಏನು ಮಾಡಲಿ? ಹಾಲು ಕುಡಿಸಲಂತೂ ಆಗುವುದಿಲ್ಲ. – ವಾಶಿ, ನವಿ ಮುಂಬಯಿ

ಸ್ನಾನ ಮಾಡಿಸಿ. ತೇಗು ಬರಿಸಿ, ಬಟ್ಟೆ ಬದಲಿಸಿ, ಮುಖ ಮುಚ್ಚಿ ತೆರೆದು ಆಡಿಸಿ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಶಾಫರ್ ಮತ್ತು ಎಮರ್ಸನ್ ಎಂಬ ಸಂಶೋಧಕರು 60 ಕೂಸುಗಳ ಮನೆಗೆ ತಿಂಗಳು ತಿಂಗಳು ಹೋಗಿ 1964ರಲ್ಲಿ ವರದಿ ಕೊಟ್ಟರು. ಮಕ್ಕಳು ಹಚ್ಚಿಕೊಂಡದ್ದು ಹಾಲೂಡಿಸಿದವರನ್ನೇ ಅಂತೇನಿರಲಿಲ್ಲ. ಕರೆದರೆ ತಿರುಗಿ ನೋಡಿದವರನ್ನು, ಆಡಿಸಿದವರನ್ನು ಹಚ್ಚಿಕೊಂಡಿದ್ದವು. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಒಬ್ಬರಿಗಿಂತ ಜಾಸ್ತಿ 'ನಮ್ಮವರು' ಇದ್ದರು, ಅದರಲ್ಲಿ ಅಪ್ಪಂದಿರು ಧಾರಾಳ. ಇನ್ನೊಂದು ವಿಷಯ, ಸ್ನಾನ ಮಾಡಿಸುವಾಗ ಹೆಂಡತಿ ಬಾಗಿಲಲ್ಲಿ ನಿಂತು ತಪ್ಪು ಹೇಳಿದರೆ ನಕ್ಕು ಸುಮ್ಮನಿರಿ. ಒಂದು ವಾರದಲ್ಲಿ ಅವರೇ ನಿಲ್ಲಿಸುತ್ತಾರೆ.

ನಮ್ಮದು ಹಿಂಜವಡಿ ಹತ್ತಿರ ಮನೆ. ನಾನು ಕನ್ನಡ, ಹೆಂಡತಿ ಹಿಂದಿ, ನೋಡಿಕೊಳ್ಳುವ ಮಾವಶಿ ಮರಾಠಿ, ನಾವಿಬ್ಬರೂ ಒಬ್ಬರಿಗೊಬ್ಬರು ಇಂಗ್ಲಿಷ್. ಮಗಳಿಗೆ ಹದಿನಾಲ್ಕು ತಿಂಗಳು, ಮೂರೇ ಪದ ಹೇಳುತ್ತಾಳೆ. ಒಂದೇ ಭಾಷೆ ಇಟ್ಟುಕೊಳ್ಳಿ, ಗೊಂದಲ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕನ್ನಡ ಬಿಡಬೇಕಾ? ಮೊಬೈಲಿನಲ್ಲಿ ಕನ್ನಡ ಪದ್ಯ ಹಾಕಿದರೆ ಸಾಕಾಗುತ್ತದಾ? – ಪುಣೆ

ಬಿಡಲೇಬೇಡಿ. ಅಲ್ಲ ಸ್ವಾಮಿ, ನಾಲ್ಕರಲ್ಲಿ ಮೊದಲು ಬಿಡಬೇಕಾದ್ದು ಕನ್ನಡವೇ ಅಂತ ಎಲ್ಲರಿಗೂ ಹೇಗೆ ಹೊಳೆಯುತ್ತದೋ!

ಭಾಷೆಯ ಬಗ್ಗೆ ನನಗೆ ಬಹಳ ಇಷ್ಟದ ಪ್ರಯೋಗ ಒಂದಿದೆ, ಅದರಲ್ಲಿ ನಮ್ಮ 'ತ' ಮತ್ತು 'ಟ' ಬರುತ್ತವೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ್ದು. ಹಿಂದಿಯ 'ತ' ಮತ್ತು 'ಟ' ಸದ್ದುಗಳನ್ನು ಇಂಗ್ಲಿಷ್ ಮಾತಾಡುವ ಮನೆಯ ಕೂಸುಗಳಿಗೆ ಕೇಳಿಸಿದರು. ಸದ್ದು ಬದಲಾದಾಗ ತಲೆ ತಿರುಗಿಸಿದರೆ ಒಂದು ಆಟದ ಗೊಂಬೆ ಕುಣಿಯುತ್ತದೆ. ಆರೆಂಟು ತಿಂಗಳ ಕೂಸುಗಳು ಟಕ್ ಅಂತ ತಿರುಗಿದವು. ಅವರ ಅಪ್ಪ ಅಮ್ಮಂದಿರ ಕಿವಿಗೆ ಎರಡೂ ಒಂದೇ! ಆದರೆ ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಆ ಮಕ್ಕಳಲ್ಲೂ ಹೆಚ್ಚಿನವರ ಕಿವಿ ಇಂಗ್ಲಿಷಿಗೆ ಒಗ್ಗಿ ವ್ಯತ್ಯಾಸ ಹಿಡಿಯುವುದು ನಿಂತಿತ್ತು. ಮನೆಯಲ್ಲಿ ಹಿಂದಿ ಕೇಳುತ್ತಾ ಬೆಳೆದ ಮಕ್ಕಳು ಮಾತ್ರ ಹಿಡಿಯುತ್ತಲೇ ಇದ್ದರು. ನಿಮ್ಮ ಮಗಳ ಕಿವಿಗೆ 'ತಾತ' ಬೇರೆ, 'ಟಾಟಾ' ಬೇರೆ ಅಂತ ಗೊತ್ತಾಗಿ ಆಗಿದೆ. ಅಷ್ಟರ ಮಟ್ಟಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಒಂದಕ್ಕೊಂದು ಸಹಾಯ ಮಾಡುತ್ತವೆ.

ಗೊಂದಲದ ಮಾತು: ಹುಟ್ಟುವ ಮೊದಲೇ ಎರಡು ಭಾಷೆ ಕೇಳಿದ ಕೂಸುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಎರಡನ್ನೂ ಬೇರೆ ಬೇರೆ ಅಂತ ಗುರುತಿಸುತ್ತವೆ. 2010ರಲ್ಲಿ ವರ್ಕರ್ ಅವರ ತಂಡವೇ ಫಿಲಿಪೀನ್ಸ್‌ನ ತಗಾಲೋಗ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ತಾಯಂದಿರ ಹಸುಗೂಸುಗಳಲ್ಲಿ ಇದನ್ನು ತೋರಿಸಿತು. ಎರಡು ಭಾಷೆಯ ಮಕ್ಕಳಿಗೆ ಒಂದೊಂದರಲ್ಲೂ ಪದ ಸ್ವಲ್ಪ ಕಡಿಮೆ ಇರಬಹುದು. ಎಲ್ಲ ಭಾಷೆಯ ಪದ ಒಟ್ಟುಗೂಡಿಸಿ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. 'ಪಾಣಿ', 'ಅಪ್ಪ', 'ಕಾವ್ ಕಾವ್' ಎಲ್ಲ ಸೇರಿಸಿಯೇ ಎಣಿಸಿ. ಹದಿನಾಲ್ಕು ತಿಂಗಳಿಗೆ ಮೂರು ಪದ ಕಡಿಮೆಯೇನಲ್ಲ.

ಮೊಬೈಲ್ ಸಾಕಾಗುವುದಿಲ್ಲ. 2003ರಲ್ಲಿ ಅಮೆರಿಕದ ಸಿಯಾಟಲ್‌ನ ಸಂಶೋಧಕಿ ಪೆಟ್ರೀಷಿಯಾ ಕೂಲ್ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಹನ್ನೆರಡು ಸಲ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಸದ್ದುಗಳನ್ನು ಕಲಿತವು. ಅದೇ ಜನ, ಅದೇ ಮಾತು, ಪರದೆಯ ಮೇಲೆ ತೋರಿಸಿದಾಗ ಏನೂ ಕಲಿಯಲಿಲ್ಲ. ಹಾಗಾಗಿ ಪದ್ಯ ನೀವೇ ಹಾಡಿ, ರಾಗ ಕೆಟ್ಟರೂ ಅವಳೇನೂ ತೀರ್ಪುಗಾರಳಲ್ಲ. ಡೈಪರ್ ಬದಲಿಸುವಾಗ ಕನ್ನಡ, ಬಾಲ್ಕನಿಯಲ್ಲಿ ಪಾರಿವಾಳ ನೋಡುವಾಗ ಕನ್ನಡ.

ಒಂದು ಎಚ್ಚರಿಕೆ. ವರ್ಷವಾದರೂ ಬಾಬಾ–ದಾದಾ ಅನ್ನುವ ತೊದಲು ಇಲ್ಲ, ಹದಿನಾರು ತಿಂಗಳಾದರೂ ಒಂದು ಪದ ಇಲ್ಲ, ಎರಡು ವರ್ಷವಾದರೂ ಎರಡು ಪದ ಜೋಡಿಸುವುದಿಲ್ಲ, ಕರೆದರೆ ತಿರುಗುವುದಿಲ್ಲ – ಇದರಲ್ಲಿ ಯಾವುದಿದ್ದರೂ 'ಮನೆಯಲ್ಲಿ ನಾಲ್ಕು ಭಾಷೆ, ಅದಕ್ಕೇ' ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮುಂಬಯಿಯವರಿಗೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಅವರ ಹೆಸರಿನ ರಾಷ್ಟ್ರೀಯ ಸಂಸ್ಥೆ ಇದಕ್ಕೇ ಇದೆ.

ಐದು ತಿಂಗಳ ಗರ್ಭಿಣಿ. ಗರ್ಭಸಂಸ್ಕಾರ ಕ್ಲಾಸಿಗೆ ಹದಿನೈದು ಸಾವಿರ ಕೇಳುತ್ತಾರೆ. ಮಗುವಿನ ಬುದ್ಧಿ ಹೆಚ್ಚುತ್ತದಂತೆ. ಸೇರಲಾ? – ಸದಾಶಿವ ಪೇಠ, ಪುಣೆ

ಉಸಿರಾಟ, ವ್ಯಾಯಾಮ, ನಾಲ್ಕು ಜನ ಗೆಳತಿಯರು ಸಿಗುತ್ತಾರೆ ಅಂತಿದ್ದರೆ ಸೇರಿ. ಬುದ್ಧಿ ಹೆಚ್ಚುತ್ತದೆ ಅಂತ ದುಡ್ಡು ಕೊಡಬೇಡಿ. ಮೊಜಾರ್ಟ್‌ನ ಸಂಗೀತ ಕೇಳಿಸಿದರೆ ಮಗು ಜಾಣ ಆಗುತ್ತದೆ ಅನ್ನುತ್ತಾರಲ್ಲ, ಆ ಕಥೆ ಹುಟ್ಟಿದ್ದು 1993ರ ಒಂದು ಪುಟ್ಟ ಪ್ರಯೋಗದಿಂದ. ಅದರಲ್ಲಿ ಇದ್ದವರು ಕಾಲೇಜು ವಿದ್ಯಾರ್ಥಿಗಳು, ಪರಿಣಾಮ ಹತ್ತು ಹದಿನೈದು ನಿಮಿಷ. ಕೂಸುಗಳು ಅದರಲ್ಲಿ ಇರಲೇ ಇಲ್ಲ. ಹೊಟ್ಟೆಯೊಳಗಿನ ಮಗು ಕೇಳಿಸಿಕೊಳ್ಳುವುದು ನಿಜ. ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಸಂಶೋಧಕರು 1986ರಲ್ಲಿ ತೋರಿಸಿದ ಹಾಗೆ, ಕೊನೆಯ ಆರು ವಾರ ತಾಯಿ ಗಟ್ಟಿಯಾಗಿ ಓದಿದ ಕಥೆಯನ್ನು ಹುಟ್ಟಿದ ಕೂಸು ಗುರುತಿಸುತ್ತದೆ. ಅದು ಗುರುತು, ಜಾಣತನ ಅಲ್ಲ. ನೀವು ಅಡುಗೆಮನೆಯಲ್ಲಿ ಗಂಡನ ಜೊತೆ ಜಗಳವಾಡುವುದನ್ನೂ ಕೇಳಿಸಿಕೊಳ್ಳುತ್ತಿರುತ್ತದೆ, ಪುಕ್ಕಟೆಯಾಗಿ.

ಮಗಳಿಗೆ ಹತ್ತು ತಿಂಗಳು. ಮೊನ್ನೆ ಅನ್ನ ಉಗುಳಿದಾಗ ನಾನು ಎಷ್ಟು ಜೋರಾಗಿ ಕೂಗಿದೆ ಅಂದರೆ ಅವಳು ಬೆಚ್ಚಿ ತುಟಿ ಬಿಗಿಹಿಡಿದಳು. ಆಮೇಲೆ ಅತ್ತಳು, ನಾನೂ ಅತ್ತೆ. ಮೊದಲ ಮೂರು ವರ್ಷದಲ್ಲಿ ಆದ ಗಾಯ ಜೀವಮಾನ ಉಳಿಯುತ್ತದೆ ಅಂತ ಓದಿದ್ದೇನೆ. ನಾನು ಕೆಟ್ಟ ತಾಯಿಯಾ? ಈಗೀಗ ಯಾವುದರಲ್ಲೂ ಮನಸ್ಸಿಲ್ಲ. – ಭಾಂಡುಪ್

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲಿಗೆ ಆಮೇಲೆ ಬರುತ್ತೇನೆ.

ಎಡ್ವರ್ಡ್ ಟ್ರಾನಿಕ್ ಎಂಬ ಸಂಶೋಧಕ 1970ರ ದಶಕದಲ್ಲಿ ಮಾಡಿದ ಪ್ರಯೋಗ ಹೀಗಿದೆ. ತಾಯಿ ಕೂಸನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾಳೆ. ಆಮೇಲೆ ಎರಡು ನಿಮಿಷ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳುತ್ತಾಳೆ. ನಗು ಇಲ್ಲ, ಮಾತಿಲ್ಲ, ನೋಟ ಮಾತ್ರ. ಕೂಸು ಮೊದಲು ನಗುತ್ತದೆ. ಬೆರಳು ಎತ್ತಿ ಏನೋ ತೋರಿಸುತ್ತದೆ. ಎರಡೂ ಕೈ ಚಾಚುತ್ತದೆ. ಕಿರುಚುತ್ತದೆ. ಆಮೇಲೆ ಮುಖ ಆಚೆ ತಿರುಗಿಸಿ, ಕಳ್ಳನೋಟದಲ್ಲಿ ಮತ್ತೆ ನೋಡಿ, ಕೊನೆಗೆ ಮೈ ಕುಸಿದು ಅಳುತ್ತದೆ. ಎರಡು ನಿಮಿಷದಲ್ಲಿ ಇಷ್ಟೆಲ್ಲ. ಆಮೇಲೆ ತಾಯಿ ಮತ್ತೆ ತಾಯಿಯಾಗುತ್ತಾಳೆ, ಕೂಸು ಸ್ವಲ್ಪ ಮುನಿಸು ತೋರಿಸಿ ಸರಿಹೋಗುತ್ತದೆ.

ಜನ ಇದರ ಮೊದಲ ಅರ್ಧ ನೋಡಿ ಹೆದರುತ್ತಾರೆ. ಟ್ರಾನಿಕ್ ಕಂಡುಕೊಂಡ ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಆರೋಗ್ಯವಾಗಿರುವ, ಅಕ್ಕರೆಯ ತಾಯಿ–ಕೂಸುಗಳನ್ನೇ ಕ್ಷಣ ಕ್ಷಣ ಅಳೆದು ನೋಡಿದರೆ ಇಬ್ಬರ ಭಾವ ಹೊಂದಿಕೊಂಡಿರುವುದು ಸುಮಾರು 30 ಶೇಕಡಾ ಹೊತ್ತು ಮಾತ್ರ! ಉಳಿದ ಹೊತ್ತು ತಪ್ಪುತ್ತಿರುತ್ತದೆ. ಕೂಸಿಗೆ ನಿದ್ದೆ, ತಾಯಿಗೆ ಆಟ. ಕೂಸಿಗೆ ಆಟ, ತಾಯಿಗೆ ಕುಕ್ಕರ್ ಸೀಟಿ. ತಪ್ಪಿದ್ದು ಮತ್ತೆ ಸರಿಹೋಗುತ್ತದೆ, ಸರಿಹೋಗುತ್ತದೆ ಅನ್ನುವುದನ್ನೇ ಕೂಸು ದಿನಕ್ಕೆ ನೂರು ಸಲ ಕಲಿಯುತ್ತಿರುತ್ತದೆ. ನೀವು ಕೂಗಿದಿರಿ, ಆಮೇಲೆ ಎತ್ತಿಕೊಂಡಿರಿ ಅಲ್ವಾ? ಬರೆದಿಲ್ಲ, ಆದರೆ ನನಗೆ ಗೊತ್ತು.

ಮೂರು ವರ್ಷದ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಬಂದದ್ದು ನಿಮ್ಮಂಥ ಮನೆಗಳಿಂದ ಅಲ್ಲ. ರೊಮೇನಿಯಾದ ಬುಖಾರೆಸ್ಟ್‌ನ ಅನಾಥಾಲಯಗಳಲ್ಲಿ ಸಾಲು ತೊಟ್ಟಿಲಲ್ಲಿ ಬೆಳೆದ 136 ಮಕ್ಕಳನ್ನು ಅಮೆರಿಕದ ಸಂಶೋಧಕರು ವರ್ಷಗಟ್ಟಲೆ ನೋಡಿದರು. ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಅಲ್ಲೂ, ಎರಡು ವರ್ಷದೊಳಗೆ ಮನೆ ಸಿಕ್ಕ ಮಕ್ಕಳು ಬಹಳಷ್ಟು ಚೇತರಿಸಿಕೊಂಡರು. ಅಷ್ಟು ಕಳೆದುಕೊಂಡ ಮಕ್ಕಳೇ ಎದ್ದು ಬಂದಿರುವಾಗ ಒಂದು ತುತ್ತು ಅನ್ನದ ಜಗಳ ಯಾವ ಲೆಕ್ಕ?

ಈಗ ಆ ಕೊನೆಯ ಸಾಲು. ಯಾವುದರಲ್ಲೂ ಮನಸ್ಸಿಲ್ಲ ಅನ್ನುವುದು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಅದು ನಿಮ್ಮ ಗುಣದ ದೋಷವಲ್ಲ, ಕಾಯಿಲೆ ಇರಬಹುದು, ಮದ್ದಿರುವ ಕಾಯಿಲೆ. ಭಾರತದ 38 ಅಧ್ಯಯನಗಳನ್ನು ಒಟ್ಟು ಹಾಕಿ 2017ರಲ್ಲಿ ಬಂದ ಲೆಕ್ಕದ ಪ್ರಕಾರ ಹೆರಿಗೆಯಾದ ತಾಯಂದಿರಲ್ಲಿ 22 ಶೇಕಡಾ ಮಂದಿಗೆ ಖಿನ್ನತೆ. ನಿಮ್ಮ ಬಿಲ್ಡಿಂಗಿನಲ್ಲಿ ಐದು ಬಾಣಂತಿಯರಿದ್ದರೆ ಒಬ್ಬರಿಗೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಇವತ್ತೇ ಮಾಡಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಒಮ್ಮೆ ಬಂದಿದ್ದರೂ ಫೋನಿಗೆ ಕಾಯಬೇಡಿ. ಮಗುವನ್ನು ಮನೆಯವರ ಕೈಗೆ ಕೊಟ್ಟು, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ.

ಮೇಡಂ, ನಾವು ಗದಗ ಕಡೆಯವರು. ನಾನು, ನಮ್ಮೆಜಮಾನ್ರು ಇಬ್ಬರೂ ಗೋವಾದಾಗ ಹೋಟೆಲ್ ಕೆಲಸಕ್ಕ ಅದೀವಿ. ಮಗನ್ನ ಎಂಟು ತಿಂಗಳ ಕೂಸಿದ್ದಾಗ ನಮ್ಮವ್ವನ ಹತ್ರ ಬಿಟ್ಟು ಬಂದೆ. ಈಗ ಎರಡು ವರ್ಷ ತುಂಬ್ತಾವ. ಹೋದಾಗೆಲ್ಲ ನನ್ನ ಕಂಡ್ರ ಬಾಗಿಲ ಹಿಂದ ಅಡಗ್ತಾನ. ಅಕೀಗೇ 'ಅವ್ವ' ಅಂತಾನ. ಬರೋ ತಿಂಗಳು ಕರ್ಕೊಂಡು ಬರೋರಿದ್ದೀವಿ. ನನ್ನ ಮರ್ತಾನೇನು? – ವಾಸ್ಕೋ, ಗೋವಾ

ತಂಗೀ, ಮೊದಲು ನನ್ನ ಕಥೆ ಕೇಳಿ. ಇಪ್ಪತ್ತೈದು ವರ್ಷದ ಹಿಂದೆ ನನ್ನ ಮಗಳು ಪಾಳಣಾಘರದ ಬಾಯಿಗೆ ಮರಾಠಿಯಲ್ಲಿ 'ಆಯಿ', ಅಂದರೆ ಅಮ್ಮ, ಅಂದ ದಿನ ನಾನು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಕಡೆ ಮುಖ ಮಾಡಿ ಕುರ್ಲಾದಿಂದ ಠಾಣೆವರೆಗೆ ಅತ್ತಿದ್ದೆ. ಎದುರಿಗೆ ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಏನಾಯಿತು ಅಂತ ಕೇಳಿ, ಕೇಳಿದ ಮೇಲೆ ನಕ್ಕುಬಿಟ್ಟಳು. 'ಇಬ್ಬರು ಆಯಿ ಇದ್ದರೆ ನಷ್ಟ ಯಾರಿಗೆ?' ಅಂದಳು. ಆಗ ಸಿಟ್ಟು ಬಂದಿತ್ತು.

ನಿಮ್ಮ ಮಗ ಮರೆತದ್ದಕ್ಕಿಂತ ಹೆಚ್ಚಾಗಿ, ಅವನಿಗೆ ಒಬ್ಬ ಅವ್ವ ಇದ್ದಾಳೆ. ಯಾರನ್ನೂ ಹಚ್ಚಿಕೊಳ್ಳದೆ ಬೆಳೆದಿದ್ದರೆ ಚಿಂತೆ ಮಾಡಬೇಕಿತ್ತು. ಅಜ್ಜಿಯನ್ನು ಗಟ್ಟಿಯಾಗಿ ಹಚ್ಚಿಕೊಂಡ ಮಗು ನಿಮ್ಮನ್ನೂ ಹಚ್ಚಿಕೊಳ್ಳುತ್ತದೆ, ಹೇಗೆ ಹಚ್ಚಿಕೊಳ್ಳಬೇಕು ಅಂತ ಅದಕ್ಕೆ ಗೊತ್ತಿದೆ. ನನಗೆ ಭಯ ಇರುವುದು ಬೇರೆ ಕಡೆ, ಬರೋ ತಿಂಗಳು ಒಂದೇ ದಿನದಲ್ಲಿ ಅವನನ್ನು ಬಸ್ಸಿಗೆ ಹತ್ತಿಸುವುದರಲ್ಲಿ.

ಮೇಲೆ ಹೇಳಿದ ಬೌಲ್ಬಿ ಇದ್ದಾರಲ್ಲ, ಅವರನ್ನು ಚಿಕ್ಕಂದಿನಲ್ಲಿ ಸಾಕಿದ್ದು ಒಬ್ಬ ದಾದಿ. ಸುಮಾರು ನಾಲ್ಕು ವರ್ಷದವರಿದ್ದಾಗ ಆಕೆ ಕೆಲಸ ಬಿಟ್ಟು ಹೋದಳು. ಆ ನೋವು ತಾಯಿಯನ್ನು ಕಳೆದುಕೊಂಡ ಹಾಗೆಯೇ ಇತ್ತು ಅಂತ ದೊಡ್ಡವರಾದ ಮೇಲೆ ನೆನೆಯುತ್ತಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಅಪ್ಪ ಅಮ್ಮನನ್ನು ಬಿಟ್ಟು ಆಸ್ಪತ್ರೆಯಲ್ಲಿ ಉಳಿದ ಪುಟ್ಟ ಮಕ್ಕಳನ್ನು ನೋಡಿ ಮೂರು ಹಂತ ಗುರುತಿಸಿದರು. ಮೊದಲು ರಂಪ. ಆಮೇಲೆ ಮಂಕು. ಕೊನೆಗೆ 'ಹೊಂದಿಕೊಂಡಿತು' ಅಂತ ನರ್ಸುಗಳು ಖುಷಿಪಡುವ ಹಂತ, ಆಗ ಅಮ್ಮ ಬಂದರೂ ಮಗು ತಿರುಗಿ ನೋಡುವುದಿಲ್ಲ. ಆ ಕಾಲದಲ್ಲಿ ಅಲ್ಲಿನ ಎಷ್ಟೋ ಆಸ್ಪತ್ರೆಗಳು ತಾಯಂದಿರನ್ನು ವಾರಕ್ಕೊಮ್ಮೆ ಎಂಬಂತೆ ಒಳಗೆ ಬಿಡುತ್ತಿದ್ದವು. ಇಂಥ ಕೆಲಸದಿಂದಲೇ ನಿಧಾನಕ್ಕೆ ಬಾಗಿಲು ತೆರೆಯಿತು.

ಅಂದರೆ ನಿಮ್ಮ ಮಗ ಗೋವಾಕ್ಕೆ ಬಂದು ಮೂರು ದಿನ ಅತ್ತು ನಾಲ್ಕನೇ ದಿನ ಸುಮ್ಮನಾದರೆ 'ಹೊಂದಿಕೊಂಡ' ಅಂತ ಬೀಗಬೇಡಿ. ಈಗಿನಿಂದಲೇ ದಿನಾ ಒಂದೇ ಹೊತ್ತಿಗೆ ವಿಡಿಯೊ ಕಾಲ್ ಮಾಡಿ. ಪರದೆ ಬೇಡ ಅನ್ನುವ ಮಕ್ಕಳ ವೈದ್ಯರೂ ಇದಕ್ಕೆ ವಿನಾಯಿತಿ ಕೊಡುತ್ತಾರೆ, ಯಾಕೆಂದರೆ ಆ ಕಡೆಯ ಮುಖ ತಿರುಗಿ ಉತ್ತರ ಕೊಡುತ್ತದೆ. 'ಅವ್ವಗ ಬಾ' ಅಂತ ಒತ್ತಾಯ ಮಾಡಬೇಡಿ, ಅವನು ಆಡುತ್ತಿದ್ದರೆ ಸುಮ್ನೆ ನೋಡುತ್ತಿರಿ. ಕರೆತರಲು ಹೋದಾಗ ಆದರೆ ಒಂದು ವಾರ ಊರಲ್ಲೇ ಉಳಿಯಿರಿ. ಬಾಗಿಲ ಹಿಂದೆ ಅಡಗಿದರೆ ಎಳೆದು ತಬ್ಬಿಕೊಳ್ಳಬೇಡಿ. ನೆಲದ ಮೇಲೆ ಕೂತು ಬಟಾಣಿ ಸುಲಿಯಿರಿ, ಅವನೇ ಬರುತ್ತಾನೆ. ಬಟಾಣಿ ಮಾತ್ರ ಅವನ ಬಾಯಿಗೆ, ಮೂಗಿಗೆ ಹೋಗದ ಹಾಗೆ ನೋಡಿಕೊಳ್ಳಿ. ನಿಮ್ಮವ್ವನನ್ನು ಜೊತೆಗೇ ಕರೆದುಕೊಂಡು ಬಂದು ಹದಿನೈದು ದಿನವಾದರೂ ವಾಸ್ಕೋದಲ್ಲಿ ಇಟ್ಟುಕೊಳ್ಳಿ. ಖೋಲಿ ಸಣ್ಣದು ಅಂತ ಗೊತ್ತು, ಬಸ್ ಚಾರ್ಜಿನ ಕಷ್ಟವೂ ಗೊತ್ತು, ಆದರೂ ಇದೊಂದನ್ನು ಬಿಡಬೇಡಿ. ಅವರು ಊರಿಗೆ ಹೊರಡುವಾಗ ಅವನಿಗೆ ಹೇಳಿಯೇ ಹೊರಡಲಿ. ಆಮೇಲೆ ದಿನಾ ಅಜ್ಜಿಗೆ ಫೋನು, ಈ ಸಲ ಗದಗದ ಕಡೆಗೆ.

ಹೋಗುವ ಮುಂಚೆ ಅವರು ಉಟ್ಟ ಹಳೇ ಸೀರೆ ಒಂದನ್ನು ಇಸಿದುಕೊಳ್ಳಿ. ರಾತ್ರಿ ಅವನ ಕೆಳಗೆ ಹಾಸಿ. ತೊಳೆಯಬೇಡಿ.